ಅಂಗನವಾಡಿ ಮಕ್ಕಳು ಕೇಳದ ಪ್ರಶ್ನೆಗಳು

ಬಿಳಿಗೆರೆ
10-2-2025

ಮುದ್ದು ಮಗಳು ಪವಿತ್ರಾಗೆ ಅವ್ವನ ಜೈಭೀಮ್.

ಕೂತುಕೊಂಡು ಓದು. ಗಾಬರಿಯಾಗುವಂಥದ್ದು ಏನೂ ಇಲ್ಲ, ಆಗಿದ್ದೆಲ್ಲ ಆಗಿ ಮುಗಿದಿದೆ. ಫೋನಿನಲ್ಲಿ ಹೇಳಿದ್ದರೆ ನೀನು ಅಳುತ್ತಿದ್ದೆ, ನಾನು ಬೈಯುತ್ತಿದ್ದೆ, ವಿಷಯ ಅಲ್ಲೇ ನಿಲ್ಲುತ್ತಿತ್ತು. ಅದಕ್ಕೇ ಕಾಗದ.

ಈಚೆಗೆ ಪ್ರತಿ ಭಾನುವಾರ, ಇಂದೋರಿನಲ್ಲಿ ನೀನು ಕೆಲಸ ಮಾಡುವ ಎಲೆಕ್ಟ್ರಾನ್ ಯಂತ್ರದ ಬಗ್ಗೆ ಪ್ರಶ್ನೆ ಕೇಳುತ್ತಿದ್ದೆನಲ್ಲ, ನಮ್ಮ ಅಂಗನವಾಡಿ ಮಕ್ಕಳು ಕೇಳಿದ್ದು ಎಂದು? ಬಿಳಿಗೆರೆ ಮಕ್ಕಳು ಇಷ್ಟೊಂದು ಚುರುಕಾ ಎಂದು ನೀನು ಬೆರಗಾಗಿದ್ದೆ. ಚುರುಕೇನೋ ಹೌದು. ಆದರೆ ಅವರು ಕೇಳುವುದು ಇವತ್ತು ಮೊಟ್ಟೆ ಕೊಡ್ತೀರಾ ಮಿಸ್ ಎಂದು ಮಾತ್ರ. ಆ ಪ್ರಶ್ನೆಗಳೆಲ್ಲ ಮೈಸೂರಿನ ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸಾಲಾಗಿ ಕೂತ ಕ್ಯಾನ್ಸರ್ ರೋಗಿಗಳದ್ದು. ಆ ಸಾಲಿನಲ್ಲಿ ನಿನ್ನ ಅವ್ವನೂ ಇದ್ದಳು.

ಎದೆಯಲ್ಲಿ ಸಣ್ಣ ಗಂಟು ಆಗಿತ್ತು. ಆಪರೇಷನ್ ಮಾಡಿ ತೆಗೆದರು. ಆಮೇಲೆ ಐದು ವಾರ ರೇಡಿಯೇಷನ್, ನಮ್ಮ ಜನದ ಬಾಯಲ್ಲಿ 'ಕರೆಂಟು'. ಮೊನ್ನೆ ಶುಕ್ರವಾರ ಮುಗಿಯಿತು. ಎಲ್ಲ ಚೆನ್ನಾಗಿದೆ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ ಹೋಗಿ ಎಂದು ಡಾಕ್ಟರಮ್ಮ ನಗುತ್ತಾ ಹೇಳಿದರು. ಮೊದಲೇ ತಿಳಿಸಿದ್ದರೆ ನೀನು ಪಿಎಚ್‌ಡಿ ಪರೀಕ್ಷೆ ಬಿಟ್ಟು ಇಂದೋರಿನಿಂದ ಓಡಿ ಬಂದುಬಿಡುತ್ತಿದ್ದೆ. ನಿನ್ನ ಅಣ್ಣ ಗುರುವಿನ ಬಾಯಿ ಮುಚ್ಚಿಸಿದವಳೂ ನಾನೇ, ಅವನನ್ನು ಬೈಯಬೇಡ. ಅವನ ಮಗ ಮದನ್ ಚೆನ್ನಾಗಿದ್ದಾನೆ. ಎತ್ತಿಕೋ ಎಂದು ನನ್ನ ಸೆರಗು ಎಳೆಯುತ್ತಿದ್ದ. ನನಗೋ ಕೈನೋವು. ಇರಲಿ, ಈಗ ನೀನೂ ಪಾಸು, ನಾನೂ ಪಾಸು.

ಮೊದಲ ದಿನ ಯಂತ್ರದ ಕೆಳಗೆ ಮಲಗಿದಾಗ ಹೆದರಿ ಕಣ್ಣು ಮುಚ್ಚಿಕೊಂಡಿದ್ದೆ. ಇದೇನಪ್ಪ ಎಂದು ಅಲ್ಲಿದ್ದವನನ್ನು ಕೇಳಿದೆ. ಎಲೆಕ್ಟ್ರಾನ್ ಓಡಿಸೋ ಮಿಷಿನ್ನು ಕಣಮ್ಮ, ಅದು ಓಡಿ ಬಡಿದಾಗ ಹುಟ್ಟೋ ಕಿರಣ ನಿಮಗೆ ಬಿಡೋದು ಎಂದ. ನನಗೆ ನಗು ತಡೆಯಲಾಗಲಿಲ್ಲ. ನಿನ್ನದು ಗುಂಡಗೆ ಓಡಿಸುವುದು, ಇದು ನೆಟ್ಟಗೆ ಓಡಿಸುವುದು. ನನ್ನ ಮಗಳ ಯಂತ್ರದ ತಂಗಿ ಇದು ಎನಿಸಿದ್ದೇ ಕಣ್ಣು ಬಿಟ್ಟೆ. ಹೊರಗೆ ಬಂದು ಚೆನ್ನಾಗಿ ಜಂಬ ಕೊಚ್ಚಿದೆ. ಅಲ್ಲಿಂದ ಶುರುವಾಯಿತು ನೋಡು ಪ್ರಶ್ನೆಗಳ ಕಾಟ.

ಟಿ. ನರಸೀಪುರದ ಚಲುವಯ್ಯ ಬಸ್ ಕಂಡಕ್ಟರಾಗಿ ರಿಟೈರಾದವರು. ಅವರಿಗೆ ಗಂಟಲಿಗೆ ಕರೆಂಟು. ಇರುವ ಚೂರು ದನಿಯಲ್ಲೇ ಕೇಳಿದರು: ಸುತ್ತಾನೇ ಇದ್ರೆ ಅದು ಯಾವ್ ಊರ್ಗೂ ಓಗಲ್ವಲ್ಲವ್ವ, ಯಾಕಂಗ್ ಓಡುಸ್ತಾರೆ ಅಂತ. ತಿರುಗುವಾಗ ಎಲೆಕ್ಟ್ರಾನು ಬೆಳಕು ಚೆಲ್ಲುತ್ತದೆ, ನಮಗೆ ಬೇಕಾದ್ದು ಆ ಬೆಳಕು ಎಂದು ನೀನು ಭಾನುವಾರ ಹೇಳಿದ್ದನ್ನು ಸೋಮವಾರ ಒಪ್ಪಿಸಿದೆ. ಅಂಥ ಮಿಷಿನ್ನು ಭೂಮೀನೇ ನುಂಗುತ್ತಂತೆ ಎಂದು ಇನ್ನೊಬ್ಬರು. ನುಂಗುವ ಹಾಗಿದ್ದರೆ ನನ್ನ ಮಗಳು ಮೊದಲೇ ಫೋನ್ ಮಾಡಿರುತ್ತಿದ್ದಳು ಎಂದೆ. ಆ ಉತ್ತರ ಮಾತ್ರ ನನ್ನ ಸ್ವಂತದ್ದು.

ನಿಜವಾದ ಕಷ್ಟ ತಂದವಳು ಮುಡುಕುತೊರೆಯ ಪುಟ್ಟಮಾದಮ್ಮ. ಅವಳ ಮನೆಯಲ್ಲಿ ಎಂಟು ತಿಂಗಳ ಮೊಮ್ಮಗಳಿದ್ದಾಳೆ. ಕರೆಂಟು ಹಿಡಿದ ಮೈಯಿಂದ ಕೂಸನ್ನು ಮುಟ್ಟಬಾರದು ಎಂದು ಯಾರೋ ಅವಳ ತಲೆಗೆ ತುಂಬಿದ್ದರು. ಹಾಗೇನಿಲ್ಲ ಎಂದು ಡಾಕ್ಟರಮ್ಮ ಹೇಳಿದರೂ ತಲೆಯಾಡಿಸಿದಳೇ ಹೊರತು ನಂಬಲಿಲ್ಲ. ಕೂಸ್ನ ಎತ್ಕಳ್ದೆ ಬದ್ಕಿ ಏನಕ್ಕ ಮಾಡದು, ನಂಗೀ ಕರೆಂಟೇ ಬ್ಯಾಡ ಎಂದು ಹಟ ಹಿಡಿದಳು. ಅರ್ಧಕ್ಕೆ ಬಿಟ್ಟರೆ ಕಾಯಿಲೆ ಮತ್ತೆ ಬರಬಹುದು ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು.

ಆ ಭಾನುವಾರ ನಿನ್ನನ್ನು ಅದನ್ನೇ ಕೇಳಿದೆ. ಲೈಟ್ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುತ್ತದಾ ಅವ್ವ, ಇದೂ ಅಷ್ಟೇ ಎಂದೆ ನೀನು. ಆಮೇಲೆ ದನಿ ಬದಲಿಸಿ, ಇದನ್ನು ಯಾವ ಮಗು ಕೇಳಿತು ಎಂದೆ. ಸಿಗ್ನಲ್ ಸಿಗುತ್ತಿಲ್ಲ ಎಂದು ನಾನು ಫೋನ್ ಇಟ್ಟೆ. ಸಿಗ್ನಲ್ ಚೆನ್ನಾಗಿಯೇ ಇತ್ತು.

ಮಾರನೆಯ ದಿನ ಪುಟ್ಟಮಾದಮ್ಮ ಬ್ಯಾಗ್ ಹಿಡಿದು, ಹೇಳಿಹೋಗೋಕೆ ಬಂದೆ ಎಂದಳು. ನಾನು ಎದ್ದು ಬಾಗಿಲು ಹಾಕಿ, ಸ್ವಿಚ್ಚುಗಳನ್ನೆಲ್ಲ ಆರಿಸಿಬಿಟ್ಟೆ. ನೆಲಮಾಳಿಗೆ ನೋಡು, ಕಗ್ಗತ್ತಲು. ಹುಡುಕು ಈಗ, ಬೆಳಕು ಎಲ್ಲಾದರೂ ಉಳಿದಿದೆಯಾ, ಕುರ್ಚಿ ಕೆಳಗೆ ನೋಡು, ನಿನ್ನ ಬ್ಯಾಗಿನಲ್ಲಿ ನೋಡು ಎಂದೆ. ಅವಳು ತಡಕಾಡುವ ಸದ್ದು ಕೇಳಿಸಿತು. ಎಲ್ಲೂ ಇಲ್ಲ ಕನಕ್ಕ ಎಂದಳು. ನಿನ್ನ ಮೈಯಲ್ಲೂ ಇಲ್ಲ ಎಂದೆ.

ನರ್ಸಮ್ಮ ಓಡಿಬಂದು ನನಗೆ ಚೆನ್ನಾಗಿ ಉಗಿದರು. ಉಗಿಯಲಿ. ಅಷ್ಟರಲ್ಲಿ ಪುಟ್ಟಮಾದಮ್ಮನ ಹೆಸರು ಕೂಗಿದರು. ಬ್ಯಾಗನ್ನು ನನ್ನ ಕೈಗೆ ಕೊಟ್ಟು ಅವಳು ಒಳಗೆ ಹೋದಳು.

ಶುಕ್ರವಾರ ಇಬ್ಬರದೂ ಒಟ್ಟಿಗೆ ಮುಗಿಯಿತು. ನಂಜನಗೂಡಿನಿಂದ ರಸಬಾಳೆ ಒಯ್ದು ಎಲ್ಲರಿಗೂ ಹಂಚಿದೆ. ನಾವು ಮೆಟ್ಟಿಲು ಹತ್ತುವಾಗ ಚಲುವಯ್ಯ ಕೈಯೆತ್ತಿ ರೈಟ್, ರೈಟ್ ಎಂದರು. ಇಡೀ ಸಾಲು ಚಪ್ಪಾಳೆ ತಟ್ಟಿತು. ನಿನಗೆ ಯಾವ ಯೂನಿವರ್ಸಿಟಿಯಲ್ಲಿ ಏನು ಕೊಡುತ್ತಾರೋ ನನಗೆ ಗೊತ್ತಿಲ್ಲ ಮಗಳೇ. ಆ ಚಪ್ಪಾಳೆಯಲ್ಲಿ ಅರ್ಧ ನಿನ್ನದು. ನನಗೆ ತಡೆಯಲಾರದಷ್ಟು ಹೆಮ್ಮೆಯಾಯಿತು.

ನಿನ್ನ ಭಾನುವಾರದ ಶಿಷ್ಯೆ,
ನಿನ್ನ ಅವ್ವ
ಮುದ್ದಮ್ಮ

ಮುಚ್ಚಿಟ್ಟ ಒಂದು ಮಾತು: ನನಗೆ ಕೈನೋವು ಇರಲಿಲ್ಲ. ಪುಟ್ಟಮಾದಮ್ಮನಿಗೆ ಅಷ್ಟು ಧೈರ್ಯ ಹೇಳಿದವಳು ಐದು ವಾರ ಮದನ್‌ನನ್ನು ಮುಟ್ಟಿರಲಿಲ್ಲ. ಕೂಸಿನ ಪ್ರಶ್ನೆ ಅವಳು ಕೇಳುವ ಮೊದಲೇ ನನ್ನೊಳಗಿತ್ತು. ನಿನ್ನ ಉತ್ತರ ಬಾಯಿಗೆ ಬಂದಿತ್ತು, ಕೈಗೆ ಬಂದಿರಲಿಲ್ಲ. ನಿನ್ನೆ ಸಂಜೆ ಪುಟ್ಟಮಾದಮ್ಮ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ನಮ್ಮ ಮನೆಗೆ ಬಂದಳು. ನಾನು ಮದನ್‌ನಿಂದ ದೂರ ದೂರ ಸರಿಯುವುದನ್ನು ನೋಡಿದಳು. ಎದ್ದು ಹೋಗಿ ನಮ್ಮ ಮನೆಯ ಲೈಟ್ ಆರಿಸಿ, ಉಡ್ಕಕ್ಕ ಈಗ ಎಂದಳು. ಮತ್ತೆ ಲೈಟ್ ಹಾಕಿದಾಗ ಮದನ್ ನನ್ನ ಮಡಿಲಲ್ಲಿದ್ದ. ಈಗಲೂ ಇದ್ದಾನೆ, ಪೆನ್ನು ಕಿತ್ತುಕೊಳ್ಳುತ್ತಿದ್ದಾನೆ. ಅಕ್ಷರ ಸೊಟ್ಟಗಾಗಿದ್ದರೆ ಅದು ಅವನದೇ ಕೆಲಸ.