ಸಮಾಧಿಗುಡ್ಡದೊಳಗಿನ ಹಾಡು

ನನ್ನ ಮುದ್ದಿನ ಲಿಯೊನೋರ್,

ಹುಟ್ಟಲಿರುವ ಮಗಳಿಗೆ ನಿನ್ನ ಹೆತ್ತಮ್ಮನ ಹೆಸರಿಟ್ಟರೆ ನನಗೆ ನೋವಾಗುತ್ತದೆಯೇ ಎಂದು ಕೇಳಿ ಬರೆದಿದ್ದೀಯ. ಇಲ್ಲ ಕಣೇ. ಗ್ರಾಸಿಂದಾ ಎಂದೇ ಇಡು. ಉತ್ತರ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಇಪ್ಪತ್ತು ವರ್ಷದಿಂದ ನಿನಗೆ ಹೇಳದೆ ಉಳಿಸಿಕೊಂಡದ್ದೊಂದಿದೆ.

ನಿಮ್ಮಪ್ಪನನ್ನು ಮದುವೆಯಾಗಿ ನಾನು ಪೋರ್ಚುಗಲ್ಲಿನಿಂದ ಡೆನ್ಮಾರ್ಕಿಗೆ ಬಂದಾಗ ನಿನಗೆ ಒಂಬತ್ತು ವರ್ಷ. ನಿನ್ನಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ನೀನು ನನ್ನನ್ನು ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ಉಪ್ಪು ಬೇಕಾದರೂ ಅಪ್ಪನನ್ನೇ ಕೇಳುತ್ತಿದ್ದೆ. ನಿಮ್ಮಪ್ಪ ದುಡಿಯುತ್ತಿದ್ದ ಮೀನಿನ ಕಾರ್ಖಾನೆಗೆ ಭಾನುವಾರ ರಜೆ. ಅಂದು ಅರ್ಮಿಂದು, ನಿಮ್ಮಪ್ಪ, ನಮ್ಮಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಡುತ್ತಿದ್ದ. ಜನಜಂಗುಳಿ ಅವನಿಗಾಗದು, ಹಳೆಯ ಚರ್ಚು, ಪಾಳುಬಿದ್ದ ಮಠ, ಹೀಗೆ ಯಾರೂ ಹೋಗದ ಜಾಗಗಳನ್ನೇ ಹುಡುಕುತ್ತಿದ್ದ.

ಅಂಥ ಒಂದು ಭಾನುವಾರ ಗೋಧಿ ಹೊಲದ ನಡುವೆ, ಒಳಗೆ ಕಲ್ಲಿನ ಕೋಣೆಯಿದ್ದ, ಐದು ಸಾವಿರ ವರ್ಷ ಹಳೆಯ ಸಮಾಧಿಗುಡ್ಡ ಸಿಕ್ಕಿತು. ಅದರ ಬುಡದಲ್ಲಿ ಕೂತು ನಾನು ಬುತ್ತಿ ಬಿಚ್ಚಿದೆ. ಉಪ್ಪುಮೀನಿನ ವಡೆ. "ಅಮ್ಮ ಇದಕ್ಕೆ ಕೊತ್ತಂಬರಿ ಹಾಕ್ತಿದ್ಲು," ಎಂದು ನೀನು ಅಂದೆ. ಅರ್ಮಿಂದು ಗಾಬರಿಯಿಂದ ನನ್ನ ಮುಖ ನೋಡಿ, "ಸುಮ್ನೆ ತಿನ್ನು," ಎಂದು ಗದರಿದ. ನೀನು ಎದ್ದು ಓಡಿ, ಗುಡ್ಡದ ಕಲ್ಲುಗಳ ನಡುವಿನ ಕಿಂಡಿಯಂಥ ದಾರಿಯೊಳಗೆ ತೆವಳಿಕೊಂಡು ಮಾಯವಾದೆ.

ಅವನು ಕೂಗಿದ, ಬೇಡಿಕೊಂಡ, "ವಡೆಯೆಲ್ಲಾ ನಾನೇ ತಿಂದ್ಬಿಡ್ತೀನಿ ನೋಡು," ಎಂದು ಹೆದರಿಸಿದ. ನೀನು ಬರಲಿಲ್ಲ. ಅವನ ಹೆಗಲು ಆ ದಾರಿಯಲ್ಲಿ ತೂರುವಂತಿರಲಿಲ್ಲ. ನನಗೋ ಲಿಫ್ಟಿನಲ್ಲಿ ನಿಂತರೂ ಉಸಿರು ಕಟ್ಟುತ್ತದೆ. ಆದರೂ ಕಣ್ಣು ಮುಚ್ಚಿ, ಮೊಣಕೈ ಊರಿ, ನಿನ್ನ ಹಿಂದೆಯೇ ತೆವಳಿದೆ.

ಒಳಗೆ ಕತ್ತಲೆ, ಒದ್ದೆ ಮಣ್ಣಿನ ವಾಸನೆ. "ನಿಂಗೆ ಭಯಾನಾ?" ಎಂದು ನೀನೇ ಕೇಳಿದೆ. "ತುಂಬಾ," ಅಂದೆ ನಾನು. ಆಗ ನನ್ನ ತೋಳು ಹಿಡಿದುಕೊಂಡು ನೀನು ಹೇಳಿದ್ದು: "ನೀನು ಬಂದ್ಮೇಲೆ ಮನೇಲಿ ಅಮ್ಮನ ಹೆಸರು ಯಾರೂ ಎತ್ತಲ್ಲ. ಅಪ್ಪ ಎತ್ತೋಕೇ ಬಿಡಲ್ಲ. ನಂಗೆ ಅವಳ ದನಿ ಮರ್ತೋಗ್ತಿದೆ."

ಬೇಡವೆಂದದ್ದು ನಾನು, ಲಿಯೊನೋರ್. ಮನೆಯಲ್ಲಿ ಅವಳ ಮಾತು ಬರಕೂಡದೆಂದು ಮದುವೆಗೆ ಮುಂಚೆಯೇ ಅವನಿಂದ ಭಾಷೆ ತೆಗೆದುಕೊಂಡಿದ್ದೆ. ಇಷ್ಟು ವರ್ಷ ನೀನು ಆ ತಪ್ಪನ್ನು ಅಪ್ಪನ ಮೇಲೆ ಹೊರಿಸಿದೆ. ಅವನು ತುಟಿ ಬಿಚ್ಚದೆ ಹೊತ್ತುಕೊಂಡ.

ಆ ಕತ್ತಲಲ್ಲೂ ನನಗೆ ನಿಜ ಹೇಳುವ ಧೈರ್ಯ ಬರಲಿಲ್ಲ. "ಅಮ್ಮ ಏನು ಹಾಡ್ತಿದ್ಲು, ಹಾಡಮ್ಮಾ," ಎಂದಷ್ಟೇ ಅಂದೆ. ನೀನು ಹಾಡಿದೆ. ಹೊರಗೆ, ದಾರಿಯ ಬಾಯಲ್ಲಿ ಮಂಡಿಯೂರಿ ಕೂತಿದ್ದ ಅರ್ಮಿಂದು ಬಿಕ್ಕುವುದು ನಮ್ಮಿಬ್ಬರಿಗೂ ಕೇಳಿಸಿತು.

ಅಪ್ಪನಿಗೆ ಒಂದು ಫೋನ್ ಮಾಡು. ಮುನಿಸು ಉಳಿದಿದ್ದರೆ ನನ್ನ ಮೇಲಿರಲಿ.

ಹೆರಿಗೆ ಸುಸೂತ್ರವಾಗಲಿ. ನಿನ್ನ ಮಗಳು ತನ್ನ ಹೆಸರನ್ನು ಮನೆತುಂಬ ಕೂಗಿಸಿಕೊಂಡು ಬೆಳೆಯಲಿ.

ನಿನ್ನ
ಫಿಲೊಮೆನಾ