ಕೈಗೆ ಸಿಗದ ಹುಡುಗ

ಮಾರ್ಚ್ 11, ಮಂಗಳವಾರ. ಬೆಳಿಗ್ಗೆ

ಯಾರದು ಈ ಪುಸ್ತಕ ಬಿಚ್ಚಿದ್ದು? ಕೈ ತೊಳೆದಿದ್ದೀಯಾ? ತೊಳೆದಿದ್ದರೂ ಮುಚ್ಚಿಡು. ಮುದುಕಿ ಬರೆದದ್ದನ್ನು ಕದ್ದು ಓದುವವರಿಗೆ ಬೇರೆ ಕೆಲಸವಿಲ್ಲವೇ? ಕಾಗುಣಿತದ ತಪ್ಪು ಹುಡುಕಬೇಡ. ಐದನೇ ಕ್ಲಾಸಿಗೇ ಶಾಲೆ ಬಿಡಿಸಿ ಹೊಲಕ್ಕೆ ಕಳಿಸಿದರು. ಇಷ್ಟು ಬರೆಯುವುದೇ ಹೆಚ್ಚು.

ಜೋಳದ ಗಂಜಿ ತಳ ಹಿಡಿಯಿತು. ಟೀವಿ ನೋಡುತ್ತ ನಿಂತದ್ದಕ್ಕೆ. ಟೈ ಕಟ್ಟಿದ ಗಂಡಸರು ಕೂತು, ಈ ವರ್ಷ ಫುಟ್ಬಾಲ್ ಡ್ರಾಫ್ಟಿಗೆ ನಿಂತ, ಚೆಂಡು ಕೈಯಲ್ಲಿ ಹಿಡಿದು ಓಡುವ ರಿಸೀವರ್ ಹುಡುಗರನ್ನು ಸಂತೆಗೆ ಬಂದ ಕರುಗಳ ಹಾಗೆ ಅಳೆಯುತ್ತಿದ್ದರು. ಎತ್ತರ, ತೂಕ, ಅಂಗೈ ಅಗಲ... ನನ್ನ ಮೊಮ್ಮಗ ಟೆವಿನ್‌ನ ಹೆಸರು ಕಟ್ಟಕಡೆಗೆ. ‘ಕುಳ್ಳ, ಸಣಕಲ, ಚಿಕ್ಕ ಕಾಲೇಜು.’ ಮುಗಿಯಿತು. ಅವನು ಚೆಂಡು ಹಿಡಿದ ಮೇಲೆ ತಪ್ಪಿಸಿಕೊಂಡು ಹೋಗುವುದನ್ನು ತೋರಿಸಲೇ ಇಲ್ಲ. ಬಡಿಸದೆ ತಟ್ಟೆ ಎತ್ತಿದ ಹಾಗೆ.

ಏಪ್ರಿಲ್ ಕೊನೆಗೆ ಆ ಡ್ರಾಫ್ಟಿನಲ್ಲಿ ದೊಡ್ಡ ತಂಡದವರು ಸರದಿಯ ಮೇಲೆ ಹುಡುಗರನ್ನು ಆರಿಸಿಕೊಳ್ಳುತ್ತಾರೆ. ಯಾರೂ ಕರೆಯದಿದ್ದರೆ ಟೆವಿನ್‌ಗೆ ಅವನ ಮಾವನ ಸಿಗಡಿ ಶೆಡ್ಡೇ ಗತಿ. ಕೆಟ್ಟ ಕೆಲಸವಲ್ಲ. ಆದರೆ ಆ ಕಾಲುಗಳು ಸಿಗಡಿ ತೊಳೆಯುತ್ತ ನಿಲ್ಲಲು ಹುಟ್ಟಿದವಲ್ಲ.

ಮಾರ್ಚ್ 20, ಗುರುವಾರ

ಉತ್ತರದ ಒಂದು ತಂಡದಿಂದ ಸ್ಕೌಟ್ ಬಂದಿದ್ದ, ಊರೂರು ಸುತ್ತಿ ಆಟಗಾರರನ್ನು ಹುಡುಕುವವನು. ಹೆಸರು ಹಾಲ್ವರ್ಸನ್. ನಮ್ಮ ಲೂಸಿಯಾನಾ ಬಿಸಿಲಿಗೆ ಬೆಂದು ಮುಖವೆಲ್ಲ ಕೆಂಪು. ಗಂಬೊ ಸಾರು ಬಡಿಸಿದೆ, ಮತ್ತೆ ಹಾಕಿಸಿಕೊಂಡು ಉಂಡ. ಒಳ್ಳೆಯ ಮನೆಯವನೇ. ಟೆವಿನ್ ಇರಲಿಲ್ಲ, ಮಾವನ ಜೊತೆ ಸಿಗಡಿ ಸಾಕುವ ನೀರುಗದ್ದೆಗೆ ಹೋಗಿದ್ದ. ಫೋನಿಗೂ ಸಿಗಲಿಲ್ಲವಂತೆ.

ಹಾಲ್ವರ್ಸನ್ ಒಂದು ವಿಡಿಯೊ ತೋರಿಸಿದ. ಡ್ರಾಫ್ಟಿಗೆ ನಿಂತ ಓಹಾಯೋದ ಹುಡುಗ.

“ಇವನು ಹೇಗೆ, ಮಿಸ್ ವರ್ಡೆಲ್?”

ಅಬ್ಬಾ! ಕಾದ ಕಾವಲಿ ಮೇಲೆ ನೀರಿನ ಹನಿ ಓಡಿದ ಹಾಗೆ ಓಡಿದ. ಇನ್ನೊಂದು ಸಲ ಹಾಕಿಸಿ ನೋಡಿದೆ. “ಎಂಥ ಹುಡುಗನಪ್ಪಾ! ಹೆತ್ತವಳ ಹೊಟ್ಟೆ ತಣ್ಣಗಿರಲಿ” ಎಂದೆ. ಬೇರೆಯವರ ಮಗನೆಂದು ಸುಳ್ಳು ಹೇಳುವುದಕ್ಕಾಗುತ್ತದೆಯೇ?

“ಮತ್ತೆ ನಿಮ್ಮವನು?”

“ನಮ್ಮವನು ನಿಂತ್ಕೋತಾನೆ. ಎದುರಿನವನು ‘ಸಿಕ್ಕಿದ’ ಅಂತ ಕೈ ಚಾಚ್ತಾನಲ್ಲ, ಅಷ್ಟೊತ್ತಿಗೆ ಅಲ್ಲಿ ಬರೀ ಗಾಳಿ.”

“ಇದನ್ನ ಎಲ್ಲಿ ಕಲಿತ?”

“ಚರ್ಚಲ್ಲಿ. ಪ್ರಾರ್ಥನೆ ಮುಗಿದ್ಮೇಲೆ ನಮ್ಮ ಹೆಂಗಸ್ರು ಬಾಗಿಲಲ್ಲಿ ಸಾಲಾಗಿ ನಿಂತಿರ್ತಾರೆ. ತುಟಿಗೆ ಬಣ್ಣ, ತಲೆಗೆ ಮೊರದಗಲ ಟೋಪಿ. ಸಿಕ್ಕಿದ ಮಗೂಗೆ ಮುತ್ತಿಡೋದೇ ಕೆಲಸ. ಇವನು ಇಷ್ಟುದ್ದ ಇದ್ದ. ಬೇರೆ ಬಾಗಿಲಿತ್ತು, ಆದ್ರೂ ಅವರ ಮಧ್ಯದಲ್ಲೇ ಬರೋನು! ಆ ಸಾಲಿನ ಓಜೆಲ್ಲಾ ಬಗ್ಗಿದ್ರೆ ಅವಳ ಮುತ್ತು ಪಕ್ಕದವಳ ಕೈಚೀಲಕ್ಕೆ. ಇವನ ಕೆನ್ನೆಗೆ ಒಂದಿನಾನೂ ಬಣ್ಣ ಹತ್ತಲಿಲ್ಲ ನೋಡು.”

ನಕ್ಕು ನಕ್ಕು ಕೆಮ್ಮು ಬಂತು ಅವನಿಗೆ. “ಒಂದೇ ಮಾತಲ್ಲಿ ಹೇಳಿ, ಮಿಸ್ ವರ್ಡೆಲ್.”

“ಬರ್ಕೊಳಪ್ಪ. ಟೆವಿನ್ ಯಾರ ಕೈಗೂ ಸಿಗೋನಲ್ಲ.”

ಬರೆದುಕೊಂಡ. ಇದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಗೊತ್ತಿಲ್ಲ.

ಏಪ್ರಿಲ್ 9, ಬುಧವಾರ

ಕಾಲೇಜಿನ ಕೋಚ್ ಫೋನ್ ಮಾಡಿದ.

“ಮಿಸ್ ವರ್ಡೆಲ್, ಆ ಸ್ಕೌಟ್ ಹತ್ರ ಏನಂದ್ರಿ? ‘ಹುಡುಗ ಕೈಗೆ ಸಿಗೋಲ್ಲ, ಮನೆಯವರೇ ಹೇಳಿದಾರೆ’ ಅಂತ ಅವರ ಆಫೀಸಲ್ಲಿ ಮಾತಾಗ್ತಿದೆ. ಕರೆದ್ರೆ ಬರದೇ ಇರೋನು ನಮಗ್ಯಾಕೆ ಅಂತಾರಂತೆ.”

ಆಡಿದ್ದೇನು, ಕೇಳಿಸಿಕೊಂಡದ್ದೇನು! ಹಾಲ್ವರ್ಸನ್‌ಗೆ ಆಗಲೇ ಫೋನ್ ಹಚ್ಚಿದೆ.

“ಏನಪ್ಪಾ, ನನ್ನ ಗಂಬೊ ಉಂಡು ನನ್ನ ಮೊಮ್ಮಗನ ಅನ್ನಕ್ಕೇ ಮಣ್ಣು ಹಾಕಿದ್ಯಾ?”

“ನೀವು ಹೇಳಿದ್ದನ್ನೇ ಬರೆದೆ, ಮಿಸ್ ವರ್ಡೆಲ್. ಮೇಲಿನೋರು ಬೇರೆ ಥರ ತಿಳ್ಕೊಂಡ್ರು. ಬಿಡಿಸಿ ಹೇಳ್ದೆ, ನಂಬೋಲ್ಲ. ನಾನು ಫೋನ್ ಮಾಡಿದಾಗ್ಲೂ ಅವನು ಎತ್ತಲಿಲ್ವಲ್ಲ.”

“ಸೊಂಟದ ನೀರಲ್ಲಿ ನಿಂತು ಸಿಗಡಿ ಬುಟ್ಟಿ ಎತ್ತೋನು ಫೋನ್ ಎಲ್ಲಿ ಇಟ್ಕೋಬೇಕು? ಹಲ್ಲಲ್ಲಾ?”

“ಡ್ರಾಫ್ಟಿನ ದಿನ ಕರೆ ಬಂದಾಗ ಎತ್ತಲಿ, ಸಾಕು. ನಮ್ಮ ಸರದಿಗೆ ಸಿಗೋ ಹೊತ್ತು ಕಮ್ಮಿ. ಎತ್ತದಿದ್ರೆ ಮುಂದಿನ ಹುಡುಗನಿಗೆ ಹೋಗ್ಬಿಡ್ತಾರೆ.”

ಟೆವಿನ್‌ಗೆ ಎಲ್ಲ ಹೇಳಿದೆ. ಸಿಟ್ಟಾಗುತ್ತಾನೆಂದುಕೊಂಡೆ. ಹಲ್ಲು ಬಿಟ್ಟ.

“ಅಜ್ಜೀ, ಓಹಾಯೋದವನಿಗೆ ಆರತಿ ಎತ್ತಿದ್ಯಂತೆ. ನಂಗೆ ಒಂದೇ ಒಂದು ಮಾತು, ಅದೂ ಇದು!”

“ಅವನು ಚೆನ್ನಾಗಿದ್ದ ಕಣೋ. ನೀನು ಮೊದಲು ಆ ಫೋನಿಗೆ ಚಾರ್ಜ್ ಹಾಕು.”

ಏಪ್ರಿಲ್ 25, ಶುಕ್ರವಾರ

ಡ್ರಾಫ್ಟ್ ಶುರುವಾಗಿ ನಿನ್ನೆಗೆ ಒಂದು ದಿನ, ಇವತ್ತಿಗೆ ಎರಡು. ಓಹಾಯೋದ ಹುಡುಗನನ್ನು ನಿನ್ನೆಯೇ ಆರಿಸಿಕೊಂಡರು. ಚಪ್ಪಾಳೆ ಹೊಡೆದೆ. ಟೆವಿನ್ ಕೂಡ ಹೊಡೆದ, ಒಂದು ಕೈಯಲ್ಲಿ ತೊಡೆಗೆ. ಇನ್ನೊಂದು ಕೈಯಲ್ಲಿ ಫೋನ್, ಮೊಟ್ಟೆ ಹಿಡಿದ ಹಾಗೆ. ಅದು ಉಸಿರೆತ್ತಲಿಲ್ಲ. ಹುಡುಗ ಉಂಡೂ ಇಲ್ಲ.

ನಾಳೆ ಕೊನೆ.

ಏಪ್ರಿಲ್ 26, ಶನಿವಾರ. ಸಂಜೆ

ಒಲೆ ಇನ್ನೂ ಹೊತ್ತಿಸಿಲ್ಲ. ಆದರೂ ಬರೆಯಬೇಕು.

ಮಧ್ಯಾಹ್ನ ಎದ್ದು ನಿಂತ. “ಅಜ್ಜೀ, ಇನ್ನು ಕೂತ್ರೆ ಹುಚ್ಚು ಹಿಡಿಯುತ್ತೆ. ಹಿಂದಿನ ಗದ್ದೆ ಬುಟ್ಟಿ ಎತ್ತಿ ಬರ್ತೀನಿ. ಫೋನ್ ನಿನ್ನ ಹತ್ರ ಇರಲಿ.” ಬೇಡವೆನ್ನಬೇಕಿತ್ತು. ಆ ಮುಖ ನೋಡಿ ಹೋಗು ಎಂದೆ.

ಅವನು ಗದ್ದೆಯ ಆ ತುದಿ ಮುಟ್ಟಿರಬೇಕು, ಫೋನ್ ಹೊಡೆದುಕೊಂಡಿತು. ಹೆಂಗಸಿನ ದನಿ. ಹಾಲ್ವರ್ಸನ್‌ನ ತಂಡದ್ದೇ.

“ಟೆವಿನ್ ಅವರು ಸಿಗ್ತಾರಾ?”

ಆ ಒಂದು ಮಾತೇ ಕೇಳಬೇಕೇ!

“ಸಿಗ್ತಾನಮ್ಮ, ಸಿಗ್ತಾನೆ! ಫೋನ್ ಇಟ್ಟೀಯಾ ಜೋಕೆ!”

ಹಿತ್ತಲ ಮೆಟ್ಟಿಲಿಗೆ ಓಡಿದೆ. ನನ್ನ ಮೊಣಕಾಲಿಗೂ ಇವತ್ತು ಬುದ್ಧಿ ಇತ್ತು. ಬೈಯುವಾಗ ಮಾತ್ರ ಕರೆಯುವ ಪೂರ್ತಿ ಹೆಸರು ಹಿಡಿದು ಕೂಗಿದೆ— “ಟೆವಿನ್ ಲಮಾರ್ ಗಿಡ್ರೀ!”

ಬುಟ್ಟಿ ಅಲ್ಲೇ ಬಿತ್ತು. ಬಂದ. ಆಹಾ, ಏನು ಬಂದ! ನೀರು ಸೀಳಿಕೊಂಡು ಬದುವಿಗೆ ಹಾರಿದ. ನಾಯಿ ಆಟವೆಂದುಕೊಂಡು ಅಡ್ಡ ಬಂತು, ನಾಯಿಗೆ ಎಡ ತೋರಿಸಿ ಬಲಕ್ಕೆ ಹೋದ. ಕೋಳಿಗಳ ನಡುವೆ ಬಂದ, ಒಂದು ಕೋಳಿಯೂ ತಲೆ ಎತ್ತಲಿಲ್ಲ. ತಂತಿಯ ಮೇಲೆ ನನ್ನ ಬಿಳಿ ದುಪ್ಪಟಿಗಳು. ಮೈಯೆಲ್ಲ ಕೆಸರು ಹೊತ್ತು ಅವುಗಳ ಮಧ್ಯೆ ನುಸುಳಿದ— ಆಮೇಲೆ ಹುಡುಕಿ ನೋಡಿದೆ, ಒಂದು ಚುಕ್ಕೆಯೂ ಇಲ್ಲ! ಎಷ್ಟೋ ಆಟ ನೋಡಿದ್ದೇನೆ. ಇಂಥ ಓಟ ನೋಡಿರಲಿಲ್ಲ. ನೋಡಿದವಳು ನಾನೊಬ್ಬಳೇ.

ಫೋನ್ ಕೊಟ್ಟೆ.

“ಹೂಂ ಮೇಡಂ... ಇಲ್ಲೇ ಇದೀನಿ... ಹೂಂ ಸರ್. ಬರ್ತೀನಿ ಸರ್.”

ಮೆಟ್ಟಿಲ ಮೇಲೆ ಕೂತ, ಪಕ್ಕದಲ್ಲಿ ನಾನೂ. ಒಳಗೆ ಟೀವಿಯಲ್ಲಿ ಅವನ ಹೆಸರು ಕೂಗಿದರು. ಇಬ್ಬರೂ ಏಳಲಿಲ್ಲ.

ಏಪ್ರಿಲ್ 27, ಭಾನುವಾರ

ಹಾಲ್ವರ್ಸನ್‌ಗೆ ಕಾಗದ ಹಾಕಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ನೋಡಪ್ಪಾ, ಹುಡುಗನನ್ನು ಕಳಿಸುತ್ತಿದ್ದೇನೆ. ನಿಮ್ಮಲ್ಲಿ ಈಗಲೂ ಹಿಮವಂತೆ, ದಪ್ಪ ಕೋಟು ಕೊಡಿಸು. ಬೆಳಿಗ್ಗೆ ನಿಮ್ಮವರ ಹಳೆಯ ಆಟ ಹಾಕಿದ್ದರು, ನೋಡಿದೆ. ಎದುರು ತಂಡದಲ್ಲಿ ಹಿಡಿದು ಕೆಡವುವವರು ಒಬ್ಬೊಬ್ಬರೂ ಆನೆಯ ಗಾತ್ರ. ನಮ್ಮವನು ತಪ್ಪಿಸಿಕೊಳ್ಳುತ್ತಾನೆ. ಎಲ್ಲ ಸಲವೂ ಅಲ್ಲ. ಅದು ನನಗೂ ಗೊತ್ತು, ನಿನಗೂ ಗೊತ್ತು. ಸಿಕ್ಕಿಬಿದ್ದ ದಿನ ಮೊದಲು ಓಡಿ ಬಂದು ಅವನ ತಲೆ ಹಿಡಿದು ಎಬ್ಬಿಸುವವರು ಯಾರು? ‘ವೈದ್ಯರ ತಂಡ’ ಎಂದು ಬರೆಯಬೇಡ. ಒಬ್ಬ ಮನುಷ್ಯನ ಹೆಸರು ಬರಿ. ಮೇ ತಿಂಗಳು ಮುಗಿಯುವುದರೊಳಗೆ ಉತ್ತರ ಬರಬೇಕು, ಇಲ್ಲದಿದ್ದರೆ ನಾನೇ ಬಸ್ಸು ಹತ್ತಿ ಬಂದು ಆಟದ ಗೆರೆಯ ಪಕ್ಕ ನಿಲ್ಲುತ್ತೇನೆ.