ಒಂದ್ಸಲ ನೀನೇ ಕೆಳಗಿಳಿದು ಬಾ

ಅತ್ತೆ,

ಸಂಗೀತ ಶಿಕ್ಷಕರ ಕಾರ್ಯಾಗಾರಕ್ಕೆ ಹೊರಟೆ. ಹಾಲು ಕಾಯಿಸಿಟ್ಟಿದ್ದೇನೆ. ಮಧ್ಯಾಹ್ನದ ಮಾತ್ರೆ ಮರೆಯಬೇಡಿ. ನುಂಗಿದೆ ಅಂತ ಸುಮ್ಮನೆ ತಲೆಯಾಡಿಸಿದರೆ ನಿಮ್ಮ ಮಗ ನಂಬುತ್ತಾರೆ, ನಾನು ನಂಬುವುದಿಲ್ಲ. ನಲ್ಲಿ ರಿಪೇರಿಯವನು ಬಂದರೆ ಸೋರುವ ಜಾಗ ತೋರಿಸಿ.

ಶ್ರುತಿ ಸೇರದ ಮಕ್ಕಳಿಗೆ ಹಾಡು ಕಲಿಸುವುದು ಹೇಗೆಂದು ಇವತ್ತು ಅಷ್ಟೂ ಶಿಕ್ಷಕರ ಮುಂದೆ ನಾನು ಪಾಠ ಮಾಡಿ ತೋರಿಸಬೇಕು. ನನಗೆ ಅಭ್ಯಾಸವಿಲ್ಲದ ಕೆಲಸ. ಆದರೂ ಹೊರಟಿದ್ದೇನೆಂದರೆ ಅದು ನಿಮ್ಮಿಂದ. ಚಿಕ್ಕಂದಿನಲ್ಲಿ ಶಾಲೆಯಲ್ಲಿ "ನೀನು ಹಾಡಬೇಡ, ಬರೀ ಬಾಯಾಡಿಸು" ಅನ್ನಿಸಿಕೊಂಡಾಗಿನಿಂದ ಹಾಡದ ನೀವು, ನನಗೋಸ್ಕರ ದಿನಾ ಸಂಜೆ ಶಿಷ್ಯೆಯಾಗಿ ಕೂತಿರಿ. "ನಿನ್ನ ಸ್ವರ ಅಟ್ಟದ ಮೇಲಿದೆ ಕಣೇ, ನನ್ನ ಕೈಗೆ ಎಟುಕಲ್ಲ. ಒಂದ್ಸಲ ನೀನೇ ಕೆಳಗಿಳಿದು ಬಾ" ಅಂದಿರಿ. ನಿಮ್ಮ ಸ್ವರಕ್ಕೆ ನಾನು ಬಂದು ಸೇರಿಕೊಂಡೆ. ಅಲ್ಲಿಂದ ಇಬ್ಬರೂ ಮೆಲ್ಲಗೆ ಮೇಲೆ ಹತ್ತಿದೆವು. ಇವತ್ತು ನಾನು ತೋರಿಸುವ ಪಾಠ ಅದೊಂದೇ. ನಿಮ್ಮ ಉಪಕಾರ ದೊಡ್ಡದು ಅತ್ತೆ.

ಹೋಗಿ ಬರುತ್ತೇನೆ ಅಂತ ಕೂಗಿ ಹೇಳಬಹುದಿತ್ತು. ಆದರೆ ನೀವು ಬಚ್ಚಲಲ್ಲಿ ಹಾಡುತ್ತಿದ್ದೀರಿ. ನನ್ನ ದನಿ ಕೇಳಿದರೆ ನಿಲ್ಲಿಸಿಬಿಡುತ್ತೀರಿ ಅಂತ ಈ ಚೀಟಿ ಇಟ್ಟು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋಗುತ್ತಿದ್ದೇನೆ.

ನಿಮ್ಮ ಸೊಸೆ